ವಿಮಾನ ಇಳಿಯುತ್ತಿದ್ದ ಬಯಲಿನಲ್ಲಿ ಹಿತ್ತಲು

ದೊಡ್ಡ ನಗರಗಳ ನಕ್ಷೆಗಳನ್ನು ಬಿಚ್ಚಿ ನೋಡುವ ಹವ್ಯಾಸವುಳ್ಳವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಊರು ಹಳೆಯದಾದಷ್ಟೂ ಅದರ ಬೀದಿಗಳು ಜೇಡರ ಬಲೆಯಂತೆ ಹೆಣೆದುಕೊಂಡಿರುತ್ತವೆ. ಬೆರಳಿಡುವಷ್ಟು ತೆರಪೂ ನಡುವೆ ಸಿಕ್ಕುವುದಿಲ್ಲ. ಜರ್ಮನಿಯ ರಾಜಧಾನಿಯಾದ ಬರ್ಲಿನ್ ಮಾತ್ರ ಈ ನಿಯಮಕ್ಕೆ ಒಳಪಟ್ಟದ್ದಲ್ಲ. ಅದರ ನಕ್ಷೆಯ ದಕ್ಷಿಣ ಭಾಗದಲ್ಲಿ, ಜನ ಕಿಕ್ಕಿರಿದು ವಾಸಿಸುವ ಬಡಾವಣೆಗಳ ಮಗ್ಗುಲಿನಲ್ಲಿಯೇ, ಮೊಟ್ಟೆಯಾಕಾರದ ಒಂದು ಬೋಳು ಜಾಗ ಕಣ್ಣಿಗೆ ಬೀಳುತ್ತದೆ. ನಕ್ಷೆ ಬರೆದಾತ ಅಲ್ಲೇನನ್ನೋ ತುಂಬಲು ಮರೆತನೆಂದು ಶಂಕಿಸುವಷ್ಟು ದೊಡ್ಡ ಬೋಳು. ಅದರ ನಡುವೆ ಬೀದಿಯೆಂಬುದಿಲ್ಲ, ಮನೆಯೆಂಬುದಿಲ್ಲ. ಪೂರ್ವ ಪಶ್ಚಿಮವಾಗಿ ಎಳೆದ ಎರಡು ಸಮಾನಾಂತರ ಗೆರೆಗಳಷ್ಟೇ ಕಾಣುತ್ತವೆ.

ಈ ಬೋಳು ಜಾಗದ ಹೆಸರು ಟೆಂಪಲ್‌ಹೋಫ್ ಬಯಲು. ಅದರ ವಿಸ್ತಾರ 300 ಹೆಕ್ಟೇರಿಗೂ ಮಿಕ್ಕು. ನಮ್ಮ ಲೆಕ್ಕದಲ್ಲಿ 740 ಎಕರೆ ಎನ್ನಬಹುದು. ಬೆಂಗಳೂರಿನ ಲಾಲ್‌ಬಾಗಿನಂಥ ಮೂರು ತೋಟಗಳನ್ನು ಅದರೊಳಗೆ ಹಾಸಿಬಿಡಬಹುದು. ನಕ್ಷೆಯ ಆ ಎರಡು ಗೆರೆಗಳು ವಿಮಾನಗಳು ಓಡುತ್ತಿದ್ದ ಹಾದಿಗಳು. 2008ರ ಅಕ್ಟೋಬರ್ 30ರಂದು ಅಲ್ಲಿಂದ ಕಡೆಯ ವಿಮಾನ ಹಾರಿಹೋಯಿತು, ನಿಲ್ದಾಣಕ್ಕೆ ಬೀಗ ಬಿತ್ತು. ನೆಲಕ್ಕೆ ಬಂಗಾರದ ಬೆಲೆಯಿರುವ ರಾಜಧಾನಿಯ ಒಡಲಿನಲ್ಲಿ ಅಷ್ಟು ದೊಡ್ಡ ಜಾಗ ತೆರವಾದರೆ ಏನಾಗಬೇಕೋ ಅದು ಅಲ್ಲಿ ಆಗಲಿಲ್ಲ. ಏನಾಯಿತೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಬಯಲಿನ ಬಾಗಿಲು

ವಿಚಾರಗೋಷ್ಠಿಯೊಂದರ ನೆಪದಲ್ಲಿ ಜೂನ್ ತಿಂಗಳಿನಲ್ಲಿ ನಾನು ಬರ್ಲಿನ್ನಿಗೆ ಹೋಗಿದ್ದಾಗ ಊಟ ವಸತಿಗಳ ಆಸರೆ ಕೊಟ್ಟವನು ಒಬ್ಬ ಹಳೆಯ ಶಿಷ್ಯ. ಶಿವಮೊಗ್ಗ ಜಿಲ್ಲೆಯ ಅಡಕೆ ತೋಟದ ಮನೆಯವನು, ಬಿ.ಎಸ್‌ಸಿ. ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು ನನ್ನ ಕನ್ನಡ ಪಾಠ ಕೇಳಿದವನು. ಈಗ ಅಲ್ಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಗೋಷ್ಠಿ ಮುಗಿದ ಮಾರನೆಯ ದಿನ ಅವನು, "ಅರಮನೆ, ವಸ್ತುಸಂಗ್ರಹಾಲಯ ಎಲ್ಲ ನೀವೇ ನೋಡಿಕೊಂಡು ಬರಬಹುದು ಸಾರ್. ನಮ್ಮ ಹಿತ್ತಲನ್ನು ಮಾತ್ರ ನಾನೇ ತೋರಿಸಬೇಕು," ಎಂದ. ನಾಲ್ಕನೆಯ ಅಂತಸ್ತಿನ ಒಂದು ಕೋಣೆಯ ಮನೆಯಲ್ಲಿರುವವನಿಗೆ ಹಿತ್ತಲು ಎಲ್ಲಿಂದ ಬಂತೆಂದು ಕೇಳಿದರೆ, ನಕ್ಕು ಹೆಗಲಿಗೆ ಚೀಲ ಏರಿಸಿಕೊಂಡು ಹೊರಟೇಬಿಟ್ಟ.

ನೆಲದಡಿಯ ರೈಲಿನಿಂದ ನಾವು ಮೇಲೆ ಬಂದದ್ದು ನೊಯ್‌ಕೋಲ್ನ್ ಎಂಬ ಬಡಾವಣೆಯಲ್ಲಿ. ನೂರು ವರ್ಷ ದಾಟಿದ ಐದಂತಸ್ತಿನ ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಿವೆ. ತುರ್ಕಿಯವರ ದಿನಸಿ ಅಂಗಡಿ, ಅರಬ್ಬರ ಸಿಹಿತಿಂಡಿ ಅಂಗಡಿ, ಬಗಲಿನಲ್ಲೇ ಜರ್ಮನರ ರೊಟ್ಟಿ ಅಂಗಡಿ. ಹಾದಿಯಲ್ಲಿ ಒಂದು ಇಗರ್ಜಿ ಸಿಕ್ಕಿತು. ನಿಲ್ದಾಣ ಸಮೀಪದಲ್ಲಿದ್ದುದರಿಂದ ವಿಮಾನಗಳಿಗೆ ಅಡ್ಡಿಯಾದೀತೆಂದು ಹಿಂದೆ ಅದರ ಗೋಪುರವನ್ನೇ ತಗ್ಗಿಸಿದ್ದರಂತೆ. ದೇವರ ಮನೆಯೂ ತಲೆತಗ್ಗಿಸಿಕೊಂಡು ಇರಬೇಕಾದ ಬಡಾವಣೆಯಲ್ಲಿ ಬಡವರ ಮನೆಗಳ ಪಾಡೇನು? ತಲೆಯ ಮೇಲೆ ಸದಾ ಎಂಜಿನ್ನುಗಳ ಅಬ್ಬರ. ಆ ಕಾರಣದಿಂದಲೇ ಬಾಡಿಗೆ ಕಡಿಮೆ. ಬಾಡಿಗೆ ಕಡಿಮೆಯೆಂದೇ ವಲಸೆ ಬಂದವರು ಬಂದು ನೆಲಸಿದ್ದು ಅಲ್ಲಿ.

ಬೀದಿ ಮುಗಿಯುವಲ್ಲಿ ಒಂದು ತಂತಿಯ ಬೇಲಿ, ಅದರಲ್ಲೊಂದು ತೆರೆದ ಬಾಗಿಲು. ಒಳಗೆ ಕಾಲಿಟ್ಟೊಡನೆ ಗೋಡೆಗಳೆಲ್ಲ ಹಿಂದೆ ಸರಿದು ಇಡೀ ಆಕಾಶ ಇಳಿದು ಬಂದಂತಾಯಿತು. ಮೊಳಕಾಲೆತ್ತರದ ಹುಲ್ಲು ಗಾಳಿಗೆ ತೊನೆಯುತ್ತಿತ್ತು. ವಿಮಾನದ ಹಾದಿಯ ಮೇಲೆ ಬರೆದ ಬೃಹದಾಕಾರದ ಬಿಳಿಯ ಅಂಕಿಗಳು ಇನ್ನೂ ಅಳಿಸಿಲ್ಲ. ಅವುಗಳ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಿದ್ದರು. ಗಾಳಿಪಟಕ್ಕೆ ಗಾಲಿಹಲಗೆ ಕಟ್ಟಿಕೊಂಡು ತರುಣರು ಸೊಯ್ಯೆಂದು ಸಾಗುತ್ತಿದ್ದರು. ದೂರದಲ್ಲಿ ಒಂದು ಕಡೆ ದೂರದರ್ಶನದ ಗೋಪುರ, ಇನ್ನೊಂದು ಕಡೆ ಮಸೀದಿಯ ಮಿನಾರುಗಳು, ಪಶ್ಚಿಮದ ಅಂಚಿನಲ್ಲಿ ಒಂದು ಕಿಲೋಮೀಟರಿಗೂ ಉದ್ದವಾಗಿ ಬಿಲ್ಲಿನಂತೆ ಬಾಗಿ ನಿಂತ ಹಳೆಯ ನಿಲ್ದಾಣದ ಕಟ್ಟಡ. ಬಯಲಿನ ಒಂದಷ್ಟು ಭಾಗಕ್ಕೆ ಹಗ್ಗ ಕಟ್ಟಿ ಜನ ಹೋಗದಂತೆ ಮಾಡಿದ್ದರು. ನೆಲದ ಮೇಲೆ ಗೂಡು ಕಟ್ಟಿ ಮುಗಿಲಿನಲ್ಲಿ ನಿಂತು ಹಾಡುವ ಲಾರ್ಕ್ ಹಕ್ಕಿಗಳು ಮರಿ ಮಾಡುವ ಕಾಲವಂತೆ ಅದು. ಊರ ನಡುವೆ ಹಕ್ಕಿಯ ಬಾಣಂತನಕ್ಕೂ ಜಾಗ ಬಿಟ್ಟ ಜನರನ್ನು ಕಂಡು ನನಗೆ ಸಂತೋಷವಾಯಿತು.

ಆಕಾಶದಿಂದ ಬಂದ ಅನ್ನ

ಈ ನೆಲ ಹಿಂದೆ ಕಂಡದ್ದೆಲ್ಲ ಸಂತೋಷವೇ ಆಗಿರಲಿಲ್ಲ. ಮಧ್ಯಯುಗದಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧಪಂಥದವರು ಇಲ್ಲಿ ನೆಲಸಿದ್ದರು. ಟೆಂಪಲ್‌ಹೋಫ್ ಎಂಬ ಹೆಸರು ಅವರಿಂದ ಬಂದದ್ದು. ಮುಂದೆ ಪ್ರಷ್ಯದ ಅರಸರು ಹಳ್ಳಿಗರ ಈ ಹೊಲಗಳನ್ನು ಸೈನ್ಯದ ಕವಾಯತಿನ ಮೈದಾನವನ್ನಾಗಿ ಮಾಡಿಕೊಂಡರು. 1909ರಲ್ಲಿ ಅಮೆರಿಕದ ಆರ್ವಿಲ್ ರೈಟ್ ಇಲ್ಲಿಗೆ ಬಂದು ತನ್ನ ವಿಮಾನವನ್ನು ಹಾರಿಸಿ ತೋರಿಸಿದ. 1923ರಲ್ಲಿ ಇದು ವಿಮಾನ ನಿಲ್ದಾಣವಾಯಿತು. ಹಿಟ್ಲರನ ಕಾಲದಲ್ಲಿ, 1936ರಿಂದಾಚೆಗೆ, ಆ ಬಿಲ್ಲಿನಾಕಾರದ ಕಟ್ಟಡ ಎದ್ದಿತು. ಅದೇ ಕಾಲದಲ್ಲಿ ಬಯಲಿನ ಉತ್ತರದ ಅಂಚಿನ ಕೊಲಂಬಿಯಾ ಹೌಸ್ ಎಂಬ ಸೆರೆಮನೆಯಲ್ಲಿ ನಾಜಿಗಳ ವಿರೋಧಿಗಳನ್ನು ಕೂಡಿ ಹಿಂಸಿಸಿದರು. ಯುದ್ಧ ಬಂದಾಗ ಪರದೇಶಗಳಿಂದ ಹಿಡಿದು ತಂದವರನ್ನು ಇಲ್ಲಿಯೇ ಬ್ಯಾರಕ್ಕುಗಳಲ್ಲಿ ಇರಿಸಿ, ಯುದ್ಧವಿಮಾನಗಳನ್ನು ಕಟ್ಟುವ ಜೀತಕ್ಕೆ ದೂಡಿದರು.

ಯುದ್ಧ ಮುಗಿದಾಗ ಬರ್ಲಿನ್ ಇಟ್ಟಿಗೆಯ ರಾಶಿಯಾಗಿತ್ತು. ಊರ ನಡುವಿನ ಟೀರ್‌ಗಾರ್ಟೆನ್ ಎಂಬ ಹೆಸರಾಂತ ಉದ್ಯಾನದಲ್ಲಿ ಎರಡು ಲಕ್ಷದಷ್ಟಿದ್ದ ಮರಗಳ ಪೈಕಿ ಉಳಿದದ್ದು ಸುಮಾರು 700 ಮಾತ್ರ. ಕೆಲವು ಬಾಂಬಿಗೆ ತುತ್ತಾದವು, ಮಿಕ್ಕವನ್ನು ಚಳಿ ಕಾಯಿಸಿಕೊಳ್ಳಲು ಜನರೇ ಕಡಿದರು. ಆ ಬೋಳು ಉದ್ಯಾನವನ್ನು 2,500ಕ್ಕೂ ಹೆಚ್ಚು ತುಂಡುಗಳಾಗಿ ಹಂಚಿ, ಊರಿನವರು ಆಲೂಗೆಡ್ಡೆ, ಕೋಸು ಬೆಳೆದುಕೊಂಡರು. ಸಂಸತ್ತಿನ ಸುಟ್ಟ ಕಟ್ಟಡದ ಎದುರಿಗೇ ಹೆಂಗಸರು ಬಗ್ಗಿ ನೆಲ ಅಗೆಯುತ್ತಿರುವ ಆ ಕಾಲದ ಛಾಯಾಚಿತ್ರಗಳಿವೆ. 1949ರ ಮಾರ್ಚಿನಲ್ಲಿ ಮೇಯರ್ ಅರ್ನ್ಸ್ಟ್ ರಾಯಿಟರ್ ಒಂದು ಲಿಂಡೆನ್ ಸಸಿ ನೆಟ್ಟ ಮೇಲೆ ಅಲ್ಲಿ ಮತ್ತೆ ಮರಗಳೆದ್ದವು. ಇಂದು ಟೀರ್‌ಗಾರ್ಟೆನ್ನಿನ ನೆರಳಿನಲ್ಲಿ ಅಡ್ಡಾಡುವವರಿಗೆ ಅದೊಂದು ಕಾಲದಲ್ಲಿ ಆಲೂಗೆಡ್ಡೆಯ ಹೊಲವಾಗಿತ್ತೆಂಬ ಸುಳಿವೂ ಸಿಕ್ಕದು.

ಅಷ್ಟರಲ್ಲಿ ಇನ್ನೊಂದು ಸಂಕಟ ಬಂದಿತ್ತು. 1948ರ ಜೂನ್ ತಿಂಗಳಿನಲ್ಲಿ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನೆಲ್ಲ ಮುಚ್ಚಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನ ಒಳಗೆ ಸಿಕ್ಕಿಬಿದ್ದರು. ಅಮೆರಿಕ, ಬ್ರಿಟನ್ನುಗಳ ವಿಮಾನಗಳು ಹಿಟ್ಟು, ಒಣಗಿಸಿದ ಆಲೂಗೆಡ್ಡೆ, ಕಲ್ಲಿದ್ದಲುಗಳನ್ನು ಹೊತ್ತು ಹಗಲು ರಾತ್ರಿಯೆನ್ನದೆ ಬರತೊಡಗಿದವು. ಹೆಚ್ಚಿನವು ಇಳಿದ ತಾಣಗಳಲ್ಲಿ ಒಂದು ಈ ಟೆಂಪಲ್‌ಹೋಫ್. ಗೇಲ್ ಹಾಲ್ವರ್ಸನ್ ಎಂಬ ತರುಣ ವಿಮಾನಿ ಬೇಲಿಯ ಹೊರಗೆ ನಿಂತ ಮಕ್ಕಳಿಗಾಗಿ ಕರವಸ್ತ್ರದ ಪುಟ್ಟ ಕೊಡೆಗಳಿಗೆ ಮಿಠಾಯಿ ಕಟ್ಟಿ ಮೇಲಿನಿಂದ ಬಿಡುತ್ತಿದ್ದ ಕಥೆಯನ್ನು ಬರ್ಲಿನ್ನಿನ ಅಜ್ಜಅಜ್ಜಿಯರು ಇಂದಿಗೂ ಹೇಳುತ್ತಾರೆ. 1949ರ ಮೇ ತಿಂಗಳಿನಲ್ಲಿ ದಿಗ್ಬಂಧನ ತೆರವಾಯಿತು. ಅನ್ನ ತಂದು ಪ್ರಾಣ ತೆತ್ತ ವಿಮಾನಿಗಳ ನೆನಪಿಗೆ 1951ರಲ್ಲಿ ನಿಲ್ದಾಣದ ಮುಂದೆ ಸ್ಮಾರಕವೊಂದನ್ನು ನಿಲ್ಲಿಸಿದರು. ಮೇಲೆ ಬಾಗಿದ ಅದರ ಮೂರು ಹಲ್ಲುಗಳನ್ನು ನೋಡಿ ಊರಿನವರು ಇಟ್ಟ ಅಡ್ಡ ಹೆಸರು, ಹಸಿವಿನ ಕುಂಟೆ!

ಆಕಾಶದಿಂದ ಅನ್ನ ಇಳಿದ ಈ ನೆಲದಲ್ಲಿ, ಅರವತ್ತು ವರ್ಷಗಳ ತರುವಾಯ, ಅನ್ನಕ್ಕೆ ಬರವಿಲ್ಲದ ಜನ ಸೊಪ್ಪು ತರಕಾರಿ ಬೆಳೆಯಲು ಮುಂದಾದರು. ಹಸಿವು ಬೇರೆಯದಾಗಿತ್ತು.

ಗೋಮಾಳದ ಕಚೇರಿ

2010ರ ಮೇ ತಿಂಗಳಿನಲ್ಲಿ ನಗರಾಡಳಿತ ಬಯಲಿನ ಬೇಲಿಯನ್ನು ತೆರೆದು ಎಲ್ಲರನ್ನೂ ಒಳಗೆ ಬಿಟ್ಟಿತು. ಮುಂದಿನ ವರ್ಷ, ಸ್ವಲ್ಪ ಕಾಲದ ಮಟ್ಟಿಗೆಂದು, ಕೆಲವು ಗುಂಪುಗಳಿಗೆ ಅಂಚಿನ ತುಂಡುಗಳನ್ನು ಬಳಸಲು ಒಪ್ಪಿಗೆ ಕೊಟ್ಟಿತು. ಹಾಗೆ ಅರ್ಧ ಹೆಕ್ಟೇರಿನಷ್ಟು ಜಾಗ ಪಡೆದ ಒಂದು ಗುಂಪು 2011ರ ಏಪ್ರಿಲಿನಲ್ಲಿ ಹತ್ತು ಪಾತಿಗಳಿಂದ ಕೆಲಸ ಆರಂಭಿಸಿತು. ಕೆಲವೇ ತಿಂಗಳಲ್ಲಿ ಪಾತಿಗಳು ನೂರಾರಾದವು, ಕೈಗಳು ಅದಕ್ಕೂ ಹೆಚ್ಚಾದವು. ಆ ತೋಟದ ಹೆಸರು ಅಲ್‌ಮೆಂಡೆ ಕೊಂತೋರ್.

ಹೆಸರಿನ ಅರ್ಥ ಕೇಳಿದೆ. ಶಿಷ್ಯ ಸ್ವಲ್ಪ ತಡವರಿಸಿ, "ಕೊಂತೋರ್ ಅಂದರೆ ಕಚೇರಿ ಸಾರ್. ಅಲ್‌ಮೆಂಡೆ ಅಂದರೆ... ಹಿಂದೆ ಇವರ ಹಳ್ಳಿಗಳಲ್ಲಿ ಎಲ್ಲರ ದನ ಮೇಯುತ್ತಿದ್ದ ಜಾಗ. ಯಾರ ಹೆಸರಿಗೂ ಇರಲಿಲ್ಲ," ಎಂದ. "ಗೋಮಾಳ ಅನ್ನಪ್ಪ!" ಎಂದೆ. ಅವನ ಮುಖ ಅರಳಿತು. ಇಷ್ಟು ವರ್ಷ ಜರ್ಮನ್ ಪದವನ್ನೇ ಹೇಳುತ್ತಿದ್ದವನಿಗೆ ತನ್ನ ಊರಿನ ಮಾತು ನೆನಪಾಗಿರಲಿಲ್ಲ. ಕನ್ನಡ ಮೇಷ್ಟರು ಬರ್ಲಿನ್ನಿಗೆ ಹೋದುದಕ್ಕೆ ಅಷ್ಟಾದರೂ ಸಾರ್ಥಕವಾಯಿತು. ಗೋಮಾಳದ ಕಚೇರಿ! ನಮ್ಮ ಕಂದಾಯ ಇಲಾಖೆಯ ಕಡತವೊಂದರ ಹೆಸರಿನಂತಿದ್ದರೂ ಭಾವ ಚೆನ್ನಾಗಿದೆ. ಐರೋಪ್ಯ ಹಳ್ಳಿಗಳ ಗೋಮಾಳಗಳು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಒಂದೊಂದಾಗಿ ಒಡೆಯರ ಬೇಲಿಯೊಳಗೆ ಸೇರಿಹೋದವು. ಆ ಮರೆತ ಪದವನ್ನೇ ಮಹಾನಗರದ ನಡುವೆ ಮತ್ತೆ ನೆಟ್ಟಿದ್ದಾರೆ.

ತೋಟವೆಂದೊಡನೆ ಸಾಲುಸಾಲಾದ ಮಡಿಗಳನ್ನು ವಾಚಕರು ಊಹಿಸಿಕೊಳ್ಳಬಾರದು. ಇಲ್ಲಿ ನೆಲವನ್ನು ಅಗೆಯುವಂತಿಲ್ಲ. ವಿಮಾನ ನಿಲ್ದಾಣದ ಮಣ್ಣಿನಲ್ಲಿ ಯಾವ ವಿಷ, ಯಾವ ಹಳೆಯ ಮದ್ದುಗುಂಡು ಹೂತಿದೆಯೋ ಎಂಬ ಭಯ ಒಂದು. ಕೊಟ್ಟ ಜಾಗವನ್ನು ಹಿಂದಕ್ಕೆ ಕೇಳಿದಾಗ ಬಿಟ್ಟೇಳಬೇಕೆಂಬ ಕರಾರು ಇನ್ನೊಂದು. ಆದುದರಿಂದ ಹೊರಗಿನಿಂದ ಒಳ್ಳೆಯ ಮಣ್ಣು ತಂದು ಪೆಟ್ಟಿಗೆಗಳಲ್ಲಿ ತುಂಬಿ ಬೆಳೆಯುತ್ತಾರೆ. ಸರಕು ಸಾಗಿಸುವ ಮರದ ಚೌಕಟ್ಟುಗಳು, ಹಳೆಯ ಬಾಗಿಲು, ಸ್ನಾನದ ತೊಟ್ಟಿ, ಅಂಗಡಿಯಲ್ಲಿ ಸಾಮಾನು ತಳ್ಳುವ ಗಾಡಿ, ಹರಿದ ಬೂಟು ಎಲ್ಲವೂ ಪಾತಿಗಳೇ. ನಮ್ಮೂರಿನ ಗುಜರಿ ಅಂಗಡಿಗೆ ವಸಂತಕಾಲ ಬಂದರೆ ಹೀಗೆಯೇ ಕಾಣಬಹುದು. ಮುರಿದ ಕುರ್ಚಿಯೊಂದರ ಬೆನ್ನಿಗೆ ಹುರುಳಿಕಾಯಿಯ ಬಳ್ಳಿ ಹಬ್ಬಿತ್ತು. ಪೆಟ್ಟಿಗೆಗಳ ನಡುನಡುವೆ ಕೂರಲು ಹಲಗೆಗಳು, ಮಕ್ಕಳು ಹತ್ತಲು ಅಟ್ಟಣೆಗಳು. ಟೊಮ್ಯಾಟೊ, ಸಿಹಿಗುಂಬಳ, ಮೂಲಂಗಿ, ಸೂರ್ಯಕಾಂತಿ, ನನಗೆ ಹೆಸರೇ ತಿಳಿಯದ ಎಷ್ಟೋ ಸೊಪ್ಪುಗಳು.

ಇನ್ನೂ ಸೋಜಿಗವೆಂದರೆ ತೋಟಕ್ಕೆ ಬೇಲಿಯೇ ಇಲ್ಲದಿರುವುದು. ಬಯಲಿಗೆ ಬಂದ ಯಾರು ಬೇಕಾದರೂ ಒಳಗೆ ನಡೆದಾಡಬಹುದು, ಕುಳಿತು ಬುತ್ತಿ ಬಿಚ್ಚಬಹುದು. ಜರ್ಮನರಿಗೆ ಊರಿನಲ್ಲಿ ಕೈತೋಟ ಮಾಡುವುದು ಹೊಸತಲ್ಲ. ರೈಲು ಹಳಿಗಳ ಪಕ್ಕದಲ್ಲಿ, ಪುಟ್ಟ ಗುಡಿಸಲುಗಳ ಸಹಿತ, ಬಾಡಿಗೆಗೆ ಕೊಡುವ ತೋಟದ ತುಂಡುಗಳು ಬರ್ಲಿನ್ನಿನಲ್ಲಿ ಸುಮಾರು 70,000 ಇವೆ. ಆದರೆ ಅವುಗಳಿಗೆ ಬೇಲಿಯುಂಟು, ಬಾಗಿಲುಂಟು, ತುಂಡು ಸಿಕ್ಕಲು ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಪೆಟ್ಟಿಗೆ ಒಬ್ಬರದು, ನೆಲ ಊರಿನದು. "ಹಾಗಾದರೆ ಕಳ್ಳತನ?" ಎಂದು ಕೇಳಿದೆ. "ಆಗುತ್ತೆ ಸಾರ್. ಹಣ್ಣಾದ ಟೊಮ್ಯಾಟೊ ಹಾದುಹೋಗುವವರ ಕಣ್ಣಿಗೆ ಮೊದಲು ಬೀಳುತ್ತೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ನಾಲ್ಕು ಗಿಡ ಹೆಚ್ಚಿಗೆ ಹಾಕುತ್ತೇವೆ," ಎಂದ.

ಪುದೀನದ ತೇಯ್ಜೆ

ಶಿಷ್ಯನ ಹಿತ್ತಲು ಎಂದರೆ ಒಂದು ಆಳೆತ್ತರ ಉದ್ದ, ಎರಡು ಮೊಳ ಅಗಲದ ಮರದ ಪೆಟ್ಟಿಗೆ. ಅದರಲ್ಲಿಯೂ ನಾಲ್ಕು ಸಂಸಾರಗಳ ಪಾಲು. ಅವನ ಮೂಲೆಯಲ್ಲಿ ಮೆಂತ್ಯದ ಸೊಪ್ಪು, ಕೊತ್ತಂಬರಿ. ಬೀಜ ಎಲ್ಲಿಯದೆಂದು ಕೇಳಿದೆ. ಊರಿನಿಂದ ಅಮ್ಮ ಕಟ್ಟಿಕೊಟ್ಟ ಸಾಂಬಾರು ದಿನಸಿಯ ಡಬ್ಬಿಯಿಂದಲೇ ತೆಗೆದು ಬಿತ್ತಿದನಂತೆ. ನಾನು ಬಗ್ಗಿ ಒಂದೆಲೆ ಹಿಸುಕಿ ಮೂಸಿದೆ. ಏಳು ಸಾವಿರ ಕಿಲೋಮೀಟರ್ ಆಚೆಯ ಅಡಿಗೆಮನೆ ಮೂಗಿನ ಮುಂದೆ ನಿಂತಿತು.

ಪಕ್ಕದ ಪೆಟ್ಟಿಗೆಯ ಬಳಿ ತಲೆಗೆ ವಸ್ತ್ರ ಸುತ್ತಿಕೊಂಡ ವೃದ್ಧೆಯೊಬ್ಬರು ಮಡಿಸುವ ಕುರ್ಚಿಯಲ್ಲಿ ಕುಳಿತಿದ್ದರು. ಶಿಷ್ಯ ಅವರನ್ನು "ತೇಯ್ಜೆ" ಎಂದು ಕರೆದು ಕ್ಷೇಮ ವಿಚಾರಿಸಿದ. ತುರ್ಕಿ ಭಾಷೆಯಲ್ಲಿ ತಾಯಿಯ ಸೋದರಿಗೆ ಆ ಹೆಸರು. ವಯಸ್ಸಾದ ಹೆಂಗಸರನ್ನೆಲ್ಲ ಹಾಗೆ ಕರೆಯುವುದು ಅಲ್ಲಿಯ ವಾಡಿಕೆ. ನಾವು ಚಿಕ್ಕಮ್ಮ, ದೊಡ್ಡಮ್ಮ ಎನ್ನುವುದಿಲ್ಲವೇ, ಹಾಗೆ. 1961ರ ಒಪ್ಪಂದದ ಮೇರೆಗೆ ಜರ್ಮನಿಯ ಕಾರ್ಖಾನೆಗಳಿಗೆ ತುರ್ಕಿಯಿಂದ ಲಕ್ಷಗಟ್ಟಲೆ ಕೆಲಸಗಾರರು ಬಂದರು. ಈ ತಾಯಿ ಅಂಥ ಒಬ್ಬ ಕೆಲಸಗಾರನ ಕೈಹಿಡಿದು ಬಂದವರು. ಅವರ ಪೆಟ್ಟಿಗೆಯಲ್ಲಿ ಪುದೀನ ಮತ್ತು ಈರುಳ್ಳಿ. ಶಿಷ್ಯನ ಬಾಯಿಂದ ಅವರ ಮಾತು ನನಗೆ ಕನ್ನಡವಾಗಿ ಬಂತು.

"ನಲವತ್ತು ವರ್ಷಕ್ಕಿಂತ ಹೆಚ್ಚಾಯಿತು ಈ ಊರಿಗೆ ಬಂದು. ನನ್ನ ಬೀದಿಯಲ್ಲಿ ನನ್ನ ಹೆಸರು ಗೊತ್ತಿರುವವರು ನಾಲ್ಕು ಜನ ಇರಬಹುದು. ಇಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ನನ್ನ ಪುದೀನ ಬೇಕಲ್ಲ!"

ಹೇಳಿ ನಕ್ಕರು. ನನಗೂ ಒಂದು ಕಟ್ಟು ಕಿತ್ತುಕೊಟ್ಟರು. ತೆಗೆದುಕೊಳ್ಳಲು ಸಂಕೋಚಪಟ್ಟರೆ ಶಿಷ್ಯ, "ಬೇಡ ಅನ್ನಬೇಡಿ ಸಾರ್, ಬೇಜಾರು ಮಾಡಿಕೊಳ್ಳುತ್ತಾರೆ," ಎಂದ.

ಹಿಂದಿರುಗಿ ಹುಲ್ಲಿನ ಮೇಲೆ ಕುಳಿತಾಗ ಅವನು ತನ್ನ ಕಥೆ ಹೇಳಿದ. ಆ ಊರಿಗೆ ಓದಲು ಬಂದು ಇನ್ನೂ ವರ್ಷವಾಗಿರಲಿಲ್ಲ, 2020ರಲ್ಲಿ ಕೊರೋನಾ ಬಂತು. ಮಾರ್ಚಿ ತಿಂಗಳ ಕಡೆಯಿಂದ ಭಾರತಕ್ಕೆ ವಿಮಾನಗಳು ನಿಂತವು. ಏಪ್ರಿಲಿನಲ್ಲಿ ಅವನ ತಂದೆ ತೀರಿಕೊಂಡರು. ಹಿರಿಯ ಮಗ; ಕೊಳ್ಳಿ ಇಡಬೇಕಾದವನು ಮೊಬೈಲಿನ ತೆರೆಯ ಮೇಲೆ ಚಿತೆ ನೋಡಿದ. ತರಗತಿಗಳು ಮುಚ್ಚಿದ್ದವು, ಕೋಣೆಯಲ್ಲಿ ಮಾತಾಡಿಸುವವರಿರಲಿಲ್ಲ. ಬಯಲಿನಲ್ಲಿ ನಡೆದಾಡಲು ಮಾತ್ರ ಅಡ್ಡಿಯಿರಲಿಲ್ಲ. ದಿನವೂ ಬಂದು ವಿಮಾನದ ಹಾದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದನಂತೆ.

"ಒಂದು ದಿನ ಈ ತೇಯ್ಜೆ ದೂರದಿಂದಲೇ ಕೈ ಬೀಸಿ ಕರೆದರು ಸಾರ್. ಸೊಂಟ ನೋವು, ಡಬ್ಬದಲ್ಲಿ ನೀರು ತಂದು ಹಾಕುತ್ತೀಯಾ ಅಂದರು. ಹಾಕಿದೆ. ನಾಳೆಯೂ ಬಾ ಅಂದರು. ನಾಳೆ ಬರಬೇಕಾದ ಜಾಗ ಅಂತ ಒಂದಾಯಿತು ನನಗೆ."

ಆ ಮಾತಿನ ಮೇಲೆ ನಾನು ಏನನ್ನೂ ಹೇಳಲಿಲ್ಲ. ವರ್ಷ ಕಳೆದ ಮೇಲೆ ಪೆಟ್ಟಿಗೆಯೊಂದರಲ್ಲಿ ಅವನಿಗೂ ಪಾಲು ದೊರೆಯಿತು. ಮೊದಲ ಮೆಂತ್ಯದ ಸೊಪ್ಪನ್ನು ಕೊಯ್ದು ಸಾರು ಮಾಡಿದ್ದು ತಂದೆಯ ವರ್ಷಾಬ್ದಿಕದ ಮಾರನೆಯ ದಿನವಂತೆ.

ಮಣ್ಣಿನ ಕೆಲಸ ಮನಸ್ಸಿಗೆ ಹಿತವೆಂಬುದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಈಗ ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ನೆದರ್ಲೆಂಡ್ಸ್ ದೇಶದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಕೈತೋಟ ಮಾಡುವ 30 ಜನರಿಗೆ ಮೊದಲು ತಲೆ ಬಿಸಿಯಾಗುವಂಥ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಅರ್ಧ ತಂಡವನ್ನು ಅರ್ಧ ಗಂಟೆ ತೋಟದ ಕೆಲಸಕ್ಕೆ ಹಚ್ಚಿ, ಉಳಿದರ್ಧವನ್ನು ಒಳಗೆ ಓದುತ್ತ ಕೂರಿಸಿದರು. ಉದ್ವೇಗ ಹೆಚ್ಚಿದಾಗ ಏರುವ ಕಾರ್ಟಿಸಾಲ್ ಎಂಬ ರಸ ಇಬ್ಬರಲ್ಲೂ ಇಳಿಯಿತು. ಆದರೆ ತೋಟದಲ್ಲಿದ್ದವರಲ್ಲಿ ಹೆಚ್ಚಾಗಿ ಇಳಿಯಿತು, ಮನಸ್ಸಿನ ಉಲ್ಲಾಸವೂ ಪೂರ್ತಿ ಮರಳಿತು. ಓದುವುದನ್ನೇ ವೃತ್ತಿ ಮಾಡಿಕೊಂಡ ನನ್ನಂಥವರಿಗೆ ಇದು ಅಷ್ಟು ಹಿತವಾದ ಸುದ್ದಿಯಲ್ಲ! ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಕಸ ತುಂಬಿದ್ದ ಖಾಲಿ ನಿವೇಶನಗಳನ್ನು ಆರಿಸಿ, ಕೆಲವನ್ನು ಗುಡಿಸಿ ಹುಲ್ಲು, ಮರ ಹಾಕಿದರು, ಕೆಲವನ್ನು ಹಾಗೆಯೇ ಬಿಟ್ಟರು. ಒಟ್ಟು 541 ನಿವೇಶನಗಳ ಪ್ರಯೋಗವದು. 2018ರಲ್ಲಿ ಬಂದ ಅದರ ವರದಿಯ ಪ್ರಕಾರ, ಹಸುರಾದ ನಿವೇಶನಗಳ ನೆರೆಯವರಲ್ಲಿ ಮನಸ್ಸು ಕುಗ್ಗಿದೆ ಎನ್ನುವವರ ಪ್ರಮಾಣ ಶೇಕಡ 40ಕ್ಕೂ ಮಿಕ್ಕು ಕಡಿಮೆಯಾಯಿತು. ಅಲ್ಲಿ ತರಕಾರಿ ಬೆಳೆದಿರಲಿಲ್ಲ. ಕಸ ಹೋಗಿ ಹಸುರು ಬಂದುದರಿಂದಲೇ ಅಷ್ಟು ಫಲ.

ಮನೆಯೋ, ಬಯಲೋ?

ಇಷ್ಟನ್ನು ಓದಿದ ಮೇಲೆ ವಾಚಕರು ಒಂದು ಪ್ರಶ್ನೆ ಕೇಳಬಹುದು. ಮನೆಗಳಿಗೆ ಬರವಿರುವ ಊರಿನಲ್ಲಿ 740 ಎಕರೆ ಬಯಲನ್ನು ಗಾಳಿಪಟಕ್ಕೂ ಪುದೀನಕ್ಕೂ ಬಿಟ್ಟಿರುವುದು ನ್ಯಾಯವೇ? ಇದನ್ನು ಬರ್ಲಿನ್ನಿನವರೂ ಕೇಳಿಕೊಂಡಿದ್ದಾರೆ, ಕೇಳಿಕೊಳ್ಳುತ್ತಲೇ ಇದ್ದಾರೆ. ಬಯಲಿನ ಅಂಚುಗಳಲ್ಲಿ ಸುಮಾರು 4,700 ಮನೆಗಳನ್ನೂ ಒಂದು ದೊಡ್ಡ ಗ್ರಂಥಾಲಯವನ್ನೂ ಕಟ್ಟುವ ಯೋಜನೆಯನ್ನು ನಗರಾಡಳಿತ ಮುಂದಿಟ್ಟಿತ್ತು. ಅಂಚು ಹೋದರೆ ನಡುವೂ ಉಳಿಯದು, ಕಟ್ಟುವ ಮನೆಗಳು ಈ ಬಡಾವಣೆಯ ಬಡವರಿಗೆ ದಕ್ಕಲಾರವು ಎಂದು ಜನ ಗುಂಪು ಕಟ್ಟಿ, ಸಹಿ ಕೂಡಿಸಿ, ಜನಮತಗಣನೆಯನ್ನು ತಂದರು. 2014ರ ಮೇ 25ರಂದು ಮತದಾನ ನಡೆಯಿತು. ಮತ ಹಾಕಿದವರಲ್ಲಿ ಶೇಕಡ 64ಕ್ಕೂ ಹೆಚ್ಚು ಜನ ಬಯಲು ಬಯಲಾಗಿಯೇ ಉಳಿಯಲೆಂದರು. ಇಡೀ ಬಯಲನ್ನು ಮಾರುವಂತಿಲ್ಲ, ಕಟ್ಟುವಂತಿಲ್ಲ ಎಂಬ ಕಾನೂನೇ ಅದರಿಂದ ಹುಟ್ಟಿತು.

ಕಾನೂನಾದ ಮಾತ್ರಕ್ಕೆ ಪ್ರಶ್ನೆ ಬಗೆಹರಿಯಲಿಲ್ಲ. 2015ರಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ನಿರಾಶ್ರಿತರು ಬಂದಾಗ ವಿಮಾನಗಳ ಕೊಟ್ಟಿಗೆಗಳಲ್ಲಿಯೇ ಸಾವಿರಾರು ಜನರಿಗೆ ಹಾಸಿಗೆ ಹಾಕಬೇಕಾಯಿತು. ಅವರಿಗೆ ತಾತ್ಕಾಲಿಕ ವಸತಿ ಕಟ್ಟಲೆಂದು ಮುಂದಿನ ವರ್ಷ ಕಾನೂನನ್ನು ಸ್ವಲ್ಪ ಸಡಿಲಿಸಿದರು. ಬಾಡಿಗೆಗಳೂ ಏರುತ್ತ ಹೋದವು. ವಿಮಾನದ ಸದ್ದು ನಿಂತು, ಬಯಲು ಉದ್ಯಾನವಾದ ಮೇಲೆ, ಹಿಂದೆ ಯಾರಿಗೂ ಬೇಡವಾಗಿದ್ದ ಆ ಬೀದಿಗಳು ಎಲ್ಲರಿಗೂ ಬೇಕಾದವು. 2023ರಲ್ಲಿ ಅಧಿಕಾರಕ್ಕೆ ಬಂದ ನಗರ ಸರ್ಕಾರ ಅಂಚಿನಲ್ಲಿ ಮನೆ ಕಟ್ಟುವ ಮಾತನ್ನು ಮತ್ತೆ ಎತ್ತಿತು.

ಕಾನೂನಿನ ಆಸರೆಯಿಲ್ಲದ ತೋಟಗಳ ಗತಿಯನ್ನೂ ಅಲ್ಲಿಯೇ ನೋಡಬಹುದು. ಊರಿನ ಮೊರಿಟ್ಸ್‌ಪ್ಲಾಟ್ಸ್ ಎಂಬ ಚೌಕದಲ್ಲಿ, ಯುದ್ಧದ ಬಾಂಬಿನಿಂದ ಬೋಳಾಗಿ ದಶಕಗಳ ಕಾಲ ಪಾಳುಬಿದ್ದಿದ್ದ ನಿವೇಶನವೊಂದನ್ನು 2009ರಲ್ಲಿ ಕೆಲವರು ಗುಡಿಸಿ, ರೊಟ್ಟಿ ಸಾಗಿಸುವ ಪೆಟ್ಟಿಗೆ, ಅಕ್ಕಿಯ ಚೀಲಗಳಲ್ಲಿ ತರಕಾರಿ ಬೆಳೆದರು. ಪ್ರಿನ್ಸೆಸಿನ್ನೆನ್‌ಗಾರ್ಟೆನ್, ಎಂದರೆ ರಾಜಕುಮಾರಿಯರ ತೋಟ, ಎಂದು ಅದರ ಹೆಸರು. ನೆಲವನ್ನು ಮಾರುವ ಮಾತು ಬಂದಾಗ 2012ರಲ್ಲಿ ಸಹಸ್ರಾರು ಜನ ಸಹಿ ಹಾಕಿ ತಡೆದರು. ಕಡೆಗೆ 2019ರ ಕೊನೆಗೆ ತೋಟದ ಬಹುಭಾಗ ಗಂಟುಮೂಟೆ ಕಟ್ಟಿಕೊಂಡು ನೊಯ್‌ಕೋಲ್ನ್‌ನ ಹಳೆಯ ಸ್ಮಶಾನವೊಂದಕ್ಕೆ ಹೋಯಿತು. ಒಂದು ಗುಂಪು ಹಳೆಯ ಜಾಗದಲ್ಲಿಯೇ ಉಳಿಯಿತು. ಮಾರನೆಯ ದಿನ ಆ ಸ್ಮಶಾನಕ್ಕೂ ಹೋಗಿದ್ದೆ. ಗೋರಿಕಲ್ಲುಗಳ ನಡುವೆ ಕೋಸಿನ ಸಸಿಗಳು! ಇದ್ದವರು ಜಾಗ ಬಿಡಿಸಿದರು, ಸತ್ತವರು ಸರಿದು ಕೂತು ಜಾಗ ಕೊಟ್ಟರು ಎನ್ನಿಸಿತು.

ಶಿಷ್ಯನನ್ನು ಕೇಳಿದೆ: "ನಿನಗೆ ಮತವಿದ್ದರೆ ಯಾವ ಕಡೆ ಹಾಕುತ್ತೀಯೆ?" ಅವನು ಬಹಳ ಹೊತ್ತು ಹುಲ್ಲು ಕೀಳುತ್ತ ಕುಳಿತಿದ್ದ. "ಈಗಿನ ಕೋಣೆ ಸಿಕ್ಕಲು ಏಳು ತಿಂಗಳು ಅಲೆದಿದ್ದೇನೆ ಸಾರ್. ಮನೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ವರ್ಷ ನನ್ನನ್ನು ಉಳಿಸಿದ್ದು ಕೋಣೆಯಲ್ಲ." ಇಷ್ಟು ಹೇಳಿ ಎದ್ದು ಗಿಡಗಳಿಗೆ ನೀರು ಹಾಕಲು ಹೋದ. ಎರಡು ಕಡೆಯ ನ್ಯಾಯವೂ ಆ ಮಾತಿನಲ್ಲಿತ್ತು.

ನಮ್ಮ ಖಾಲಿ ನಿವೇಶನಗಳು

ತೋಟಗಾರಿಕೆಯ ವಿಷಯದಲ್ಲಿ ಜರ್ಮನಿಗೂ ನಮಗೂ ಹಳೆಯ ನಂಟೊಂದಿದೆ. ಡ್ರೆಸ್ಡೆನ್ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕೃಂಬಿಗಲ್ 1908ರಲ್ಲಿ ಬೆಂಗಳೂರಿಗೆ ಬಂದು, ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿ, ಬೀದಿ ಬೀದಿಗೆ ಹೂಮರ ನೆಡಿಸಿದವರು. ಒಂದು ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಲೆಕ್ಕ ಹಾಕಿದವರು. 1956ರಲ್ಲಿ ಬೆಂಗಳೂರಿನ ಮಣ್ಣಿನಲ್ಲಿಯೇ ಸೇರಿಹೋದರು. ಅವರ ನಾಡಿನವರು ಈಗ ಮಾಡುತ್ತಿರುವುದು ಬೆಂಗಳೂರು, ಮೈಸೂರುಗಳ ನಮಗೆ ತೀರ ಅಪರಿಚಿತವೂ ಅಲ್ಲ. ನುಗ್ಗೆ, ಕರಿಬೇವು, ದೊಡ್ಡಪತ್ರೆಗಳಿಲ್ಲದ ಹಿತ್ತಲನ್ನು ನಮ್ಮ ಅಜ್ಜಿಯರು ಹಿತ್ತಲೆಂದೇ ಒಪ್ಪುತ್ತಿರಲಿಲ್ಲ. ಹಿತ್ತಲಿನ ಗೋಡೆಯ ಮೇಲಿನಿಂದಲೇ ನೆರೆಮನೆಯ ಸುಖದುಃಖ ಈ ಕಡೆಗೂ, ಈ ಮನೆಯ ಕರಿಬೇವು ಆ ಕಡೆಗೂ ದಾಟುತ್ತಿದ್ದವು. ಈಗ ಹಿತ್ತಲಿನ ಜಾಗದಲ್ಲಿ ಇನ್ನೊಂದು ಮನೆ ಎದ್ದಿದೆ. ಬಹುಮಹಡಿ ಕಟ್ಟಡಗಳಲ್ಲಿ ಎದುರು ಬಾಗಿಲಿನವರ ಹೆಸರು ಫಲಕ ನೋಡಿ ತಿಳಿಯಬೇಕು.

ಆದರೂ ನಮ್ಮ ಬಡಾವಣೆಗಳಲ್ಲಿ ಖಾಲಿ ನಿವೇಶನಗಳಿಗೇನೂ ಕೊರತೆಯಿಲ್ಲ. ಬೆಲೆ ಏರಲೆಂದು ವರ್ಷಾನುಗಟ್ಟಲೆ ಬಿಟ್ಟ ಜಾಗಗಳಲ್ಲಿ ಪಾರ್ಥೇನಿಯಂ ಕಳೆ ಎದೆಯುದ್ದ ಬೆಳೆದಿರುತ್ತದೆ, ಕಟ್ಟಡದ ಅವಶೇಷ ಬಿದ್ದಿರುತ್ತದೆ. ಕಸ ಹಾಕಬಾರದೆಂಬ ಫಲಕದ ಬುಡದಲ್ಲಿಯೇ ಕಸವಿರುತ್ತದೆ. ಅವುಗಳಿಗೆ ಒಡೆಯರಿದ್ದಾರೆ, ನಿಜ. ಆದರೆ ಬರ್ಲಿನ್ನಿನವರ ಪೆಟ್ಟಿಗೆಯ ಉಪಾಯ ಹೊಳೆದದ್ದು ಒಡೆತನ ತಮ್ಮದಲ್ಲವೆಂಬ ಕಾರಣದಿಂದಲೇ ಅಲ್ಲವೇ? ಕೇಳಿದ ದಿನ ಎತ್ತಿಕೊಂಡು ಹೋಗುವ ತೋಟಕ್ಕೆ ಒಡೆಯನ ಒಪ್ಪಿಗೆಯ ಚೀಟಿ, ಒಂದು ನಲ್ಲಿಯ ನೀರು, ಮಣ್ಣು ಒಳ್ಳೆಯದೇ ಎಂಬ ಖಾತರಿ, ನಾಲ್ಕು ಮನೆಯವರ ಸರದಿ ಇಷ್ಟಿದ್ದರೆ ಸಾಕು. ಅಂಥ ಪೆಟ್ಟಿಗೆಯಿಂದ ಯಾರ ಮನೆಯ ತರಕಾರಿಯ ಖರ್ಚೂ ಇಳಿಯಲಾರದು; ಟೆಂಪಲ್‌ಹೋಫಿನ ತೋಟವೂ ಬರ್ಲಿನ್ನಿನ ಹೊಟ್ಟೆ ತುಂಬಿಸುವುದಿಲ್ಲ. ಅಲ್ಲಿ ಬೆಳೆಯುವುದು ನೆರೆಹೊರೆ. ನಿವೃತ್ತರಾಗಿ ಮನೆಯಲ್ಲಿ ಒಬ್ಬರೇ ಕುಳಿತ ಹಿರಿಯರು, ಪರೀಕ್ಷೆಯ ಭಯದಲ್ಲಿ ಬೆಂದ ಮಕ್ಕಳು, ಬೇರೆ ಊರಿನಿಂದ ಕೆಲಸಕ್ಕೆ ಬಂದು ಕೋಣೆ ಹಿಡಿದ ತರುಣರು ನಮ್ಮ ಬೀದಿಗಳಲ್ಲಿಯೂ ಇದ್ದಾರೆ. ಅವರಲ್ಲಿ ಯಾರಿಗಾದರೂ "ನಾಳೆಯೂ ಬಾ" ಎಂದು ಹೇಳಲು ನಮಗೊಂದು ನೆಪ ಬೇಕು. ಎರಡು ಮೊಳದ ಮಣ್ಣು ಆ ನೆಪವನ್ನು ಒದಗಿಸುತ್ತದೆ.